ನೆಂಟನಿಗೆ ನೀರು ಸಾರು

‘ನಮ್ಮನೆಗೆ ನೆಂಟ ಬಂದಿದ್ದಾನೆ’ ಎಂದು ಈ ಊರಿನಲ್ಲಿ ಯಾರಾದರೂ ಹೇಳಿದರೆ, ಕೇಳಿದವರು ಮೊದಲು ಅವರ ಕೈಕಾಲು ನೋಡುತ್ತಾರೆ. ಆಮೇಲೆ, ಯಾರಿಗೆ, ಎಷ್ಟು ಆಳ ಎಂದು ವಿಚಾರಿಸುತ್ತಾರೆ. ಇಲ್ಲಿ ನೆಂಟ ಎಂದರೆ ಗಾಯಕ್ಕೆ ಕಟ್ಟುವ ಬಟ್ಟೆ. ಬಸ್ಸಿನಿಂದ ಚೀಲ ಹಿಡಿದು ಇಳಿಯುವ ನಿಜವಾದ ನೆಂಟರಿಗೆ ಆ ಹೆಸರಿಲ್ಲ; ಅವರನ್ನು ‘ಬಂದವರು’ ಎಂದಷ್ಟೇ ಕರೆಯುತ್ತಾರೆ. ನಾನೂ ಬಂದವಳೇ. ಹೊಲಿಗೆ ಯಂತ್ರದ ತಲೆಯನ್ನು ಗೋಣಿಚೀಲದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಅದರ ಸ್ಟ್ಯಾಂಡನ್ನು ಬಸ್ಸಿನ ಮೇಲೆ ಕಟ್ಟಿಸಿ, ಬಸ್ಸು ಎಲ್ಲಿಂದ ಮುಂದಕ್ಕೆ ಹೋಗುವುದಿಲ್ಲವೋ ಅಲ್ಲಿ ಇಳಿದೆ. ಇಲ್ಲಿ ರವಿಕೆ ಹೊಲಿಯುವವರೇ ಇಲ್ಲ ಎಂದು ಯಾರೋ ಹೇಳಿದ್ದರು, ಅದು ಸುಳ್ಳಾಗಿರಲಿಲ್ಲ. ಕೆಲವೇ ದಿನಗಳಲ್ಲಿ ಅರ್ಧ ಊರಿನ ಹೆಂಗಸರ ಭುಜ, ತೋಳು, ಎದೆಯ ಸುತ್ತಳತೆ ನನಗೆ ಬಾಯಿಪಾಠವಾಗಿತ್ತು. ಹೆಸರು ಮರೆತರೂ ಅಳತೆ ಮರೆಯುವವಳಲ್ಲ ಈ ಅಂಬುಜಾಬಾಯಿ.

ನನಗೆ ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ ಕೊಟ್ಟವರು ತಿಮ್ಮಾಜಮ್ಮ. ಎಪ್ಪತ್ತು ದಾಟಿದ ಗಟ್ಟಿ ಜೀವ. ಇನ್ನೊಬ್ಬರು ಉಣ್ಣುವುದನ್ನು ನೋಡುವುದೇ ಅವರಿಗೆ ಊಟ. ಹಾಲು ಹಾಕುವವನು, ಕರೆಂಟಿನ ಮೀಟರು ನೋಡುವವನು, ದಾರಿ ತಪ್ಪಿ ಬಂದವನು, ಯಾರೇ ಆಗಲಿ ಅವರ ಜಗಲಿಯಿಂದ ಬರೀ ಹೊಟ್ಟೆಯಲ್ಲಿ ಎದ್ದು ಹೋದದ್ದಿಲ್ಲ. ನನಗೆ ಸಕ್ಕರೆ ಕಾಯಿಲೆ ಎಂದು ಹೇಳಿದ ದಿನ ಅವರ ಮುಖ ಸಪ್ಪಗಾಯಿತು. ಮರುದಿನದಿಂದ ಸಿಹಿಯೊಂದನ್ನು ಬಿಟ್ಟು ಉಳಿದ ಎಲ್ಲದರಲ್ಲೂ ನನಗೆ ಒಂದು ಸೌಟು ಹೆಚ್ಚಿಗೆ ಬಡಿಸಿ ಆ ಲೆಕ್ಕ ಸರಿಮಾಡಿಕೊಂಡರು.

ಇಂಥವರನ್ನು ಒಬ್ಬಳು ಅಡುಗೆಯ ವಿಷಯದಲ್ಲೇ ಚುಚ್ಚಿದ್ದಳು. ಎದುರುಮನೆಯ ದೊಡ್ಡತಾಯಮ್ಮ. ತಿಮ್ಮಾಜಮ್ಮನ ತಮ್ಮನ ಮದುವೆಯ ಪಂಕ್ತಿಯಲ್ಲಿ ಕೂತು, ಎಲೆಗೆ ಸಾರು ಬಿದ್ದ ಕೂಡಲೇ, ಇದರಲ್ಲಿ ಬೇಳೆ ಹುಡುಕಬೇಕು, ಯಾರಾದರೂ ದೀಪ ತನ್ನಿ ಎಂದಿದ್ದಳಂತೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತಂತೆ. ಆ ಮದುವೆಯ ಗಂಡಿಗೆ ಈಗ ತಲೆ ನರೆತಿದೆ, ಆದರೂ ಇಬ್ಬರ ನಡುವೆ ಮಾತಿಲ್ಲ. ಹಾಗಂತ ಸುಮ್ಮನೆಯೂ ಇರುತ್ತಿರಲಿಲ್ಲ. ತಿಮ್ಮಾಜಮ್ಮ ತಮ್ಮ ಬಾಗಿಲ ಬೇವಿನ ಮರಕ್ಕೆ ಏನಾದರೂ ಹೇಳುತ್ತಿದ್ದರು, ದೊಡ್ಡತಾಯಮ್ಮ ತನ್ನ ಬಾಗಿಲ ನಲ್ಲಿಗೆ ಅದರ ಉತ್ತರ ಕೊಡುತ್ತಿದ್ದಳು. ಹಾಲು ಒಡೆದಿದೆ, ಹಪ್ಪಳ ಒಳಗೆ ತಗೊಳ್ಳಬೇಕು, ಕತ್ತೆ ಬಂತು, ಎಲ್ಲ ಸುದ್ದಿಯೂ ಮರ ಮತ್ತು ನಲ್ಲಿಯ ಮುಖಾಂತರ ಸರಿಯಾಗಿ ತಲುಪುತ್ತಿತ್ತು. ಯಂತ್ರ ತುಳಿಯುತ್ತ ನಾನು ಒಳಗೊಳಗೇ ನಗುತ್ತಿದ್ದೆ.

ನೆಂಟನ ಸಂಗತಿ ನನಗೆ ಗೊತ್ತಾದದ್ದು ನಿಧಾನಕ್ಕೆ. ಪ್ರತಿ ಮನೆಯ ಅಡುಗೆಮನೆಯಲ್ಲಿ ಮಣ್ಣಿನ ಒಂದು ಪುಟ್ಟ ಕುಡಿಕೆ. ಅದರೊಳಗೆ ಒದ್ದೆಯಾಗಿ ಮಡಚಿಟ್ಟ ಗೇಣುದ್ದದ ಬಟ್ಟೆ, ಹಳೆಯ ಮಜ್ಜಿಗೆಯ ಬಣ್ಣ. ದಿನಕ್ಕೊಮ್ಮೆ ಅದಕ್ಕೆ ಏನಾದರೂ ತಿಳಿ ಹನಿಸುತ್ತಾರೆ, ಗಂಜಿಯದೋ ಹಾಲಿನದೋ. ಮೊಸರಿಗೆ ಹೆಪ್ಪು ಕೇಳಿ ತರುವ ಹಾಗೆ ಹಳೆಯದರ ಒಂದು ಎಳೆ ತಂದು ಹೊಸ ಬಟ್ಟೆಯ ಮೇಲೆ ಹಾಕಿದರೆ ಅದೂ ನೆಂಟನಾಗುತ್ತದೆ. ಗಾಯಕ್ಕೆ ಕಟ್ಟಿದರೆ ಕೊಳೆತದ್ದನ್ನು ತಿನ್ನುತ್ತದೆ, ಬದುಕಿರುವುದನ್ನು ಮುಟ್ಟುವುದಿಲ್ಲ. ಆದರೆ ತನ್ನನ್ನು ಸಾಕಿದ ಮನೆಯವರ ಗಾಯವನ್ನು ಅದು ಮೂಸಿಯೂ ನೋಡದು. ಬೆರಳು ಕೊಯ್ದುಕೊಂಡವರು ತಮ್ಮ ಕುಡಿಕೆಯನ್ನು ಬಿಟ್ಟು ಪಕ್ಕದ ಮನೆಯ ಬಾಗಿಲಿಗೇ ಹೋಗಬೇಕು. ಬಾಗಿಲಲ್ಲಿ ನಿಂತು ಗಾಯದ ಮಾತು ಎತ್ತಬಾರದು. ನಿಮ್ಮ ನೆಂಟನನ್ನು ನಾಲ್ಕು ದಿನ ನಮ್ಮನೆಗೆ ಕಳಿಸಿ ಎನ್ನಬೇಕು. ಇಲ್ಲ ಎನ್ನುವ ಪದ್ಧತಿ ಇಲ್ಲ. ಹೀಗಾಗಿ ಊರಿನಲ್ಲಿ ಎಲ್ಲರೂ ತಮ್ಮ ಉಪಯೋಗಕ್ಕೆ ಬಾರದ ಬಟ್ಟೆಯೊಂದನ್ನು ಮಗುವಿನಂತೆ ಸಾಕುತ್ತ ಕೂತಿದ್ದಾರೆ. ದಿನಾ ಕೈ ಕೊಯ್ದುಕೊಳ್ಳುವ ಬಡಗಿಗಳ ಮನೆಯವರು ಪಕ್ಕದ ಕಟುಕರ ಮನೆಯವರೊಂದಿಗೆ ಯಾವತ್ತೂ ಜಗಳವಾಡುವುದಿಲ್ಲ.

ಇದನ್ನೆಲ್ಲ ಮೊದಲು ಕೇಳಿದಾಗ ನಾನು ಮುಖ ಗಂಟಿಕ್ಕಿಕೊಂಡದ್ದು ನಿಜ. ನನ್ನನ್ನು ಕಾಡಿದ್ದು ಬೇರೆಯೇ. ಆ ಬಟ್ಟೆಯ ಅಂಚನ್ನು ಯಾರೂ ಮಡಚಿ ಹೊಲಿದಿರಲಿಲ್ಲ, ಆದರೂ ಒಂದು ದಾರವೂ ಬಿಚ್ಚಿಕೊಂಡಿರಲಿಲ್ಲ. ಅಂಥ ಬಟ್ಟೆಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಕಬ್ಬು ಕಡಿಯುವ ದಿನಗಳಲ್ಲಿ ನನ್ನ ಯಂತ್ರದ ಸೂಜಿ ಮುರಿಯಿತು. ಮದುವಣಗಿತ್ತಿಯ ರವಿಕೆ ಕೈಯಲ್ಲಿತ್ತು, ಬೇರೆ ಸೂಜಿ ಸಿಕ್ಕಿಸಿ ಮುಂದುವರಿಸಿದೆ. ಮುರಿದ ಚೂರು ನೆಲಕ್ಕೆ ಹಾರಿತ್ತು, ನೆಲದಿಂದ ನನ್ನ ಎಡಪಾದಕ್ಕೆ ಸೇರಿತ್ತು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಇದೆಲ್ಲ ತಿಳಿಯುವುದಿಲ್ಲ. ಒಂದು ಬೆಳಿಗ್ಗೆ ಕಸ ಗುಡಿಸಲು ಬಂದ ತಿಮ್ಮಾಜಮ್ಮ ಪೆಡಲಿನ ಮೇಲೆ ಕಲೆ ನೋಡಿ, ಇದೇನು ಎಂದು ಬಗ್ಗಿ ಮೂಸಿದರು. ಆಗಲೇ ನನ್ನ ಕೈಹಿಡಿದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಆಸ್ಪತ್ರೆಯಲ್ಲಿ ಇದ್ದವರು ಡಾಕ್ಟರ್ ನಫೀಸಾ. ವರ್ಗವಾಗಿ ಬಂದವರು ಆರು ತಿಂಗಳಲ್ಲಿ ಓಡಿಹೋಗುತ್ತಾರೆ ಎಂದು ಊರು ಅಂದುಕೊಂಡಿತ್ತು, ಅವರು ಓಡಲಿಲ್ಲ. ಸೂಜಿಯ ಚೂರು ತೆಗೆದರು, ಗಾಯ ತೊಳೆದರು, ಸಕ್ಕರೆಗೆ ಇಂಜೆಕ್ಷನ್ ಶುರುಮಾಡಿದರು, ಒಂದಾದ ಮೇಲೊಂದು ಬಣ್ಣದ ಗುಳಿಗೆ ಕೊಟ್ಟು ನೋಡಿದರು. ಗಾಯ ಅಂಗಾಲಿನಿಂದ ಬೆರಳಿನ ಕಡೆಗೆ ನಡೆಯುತ್ತಲೇ ಇತ್ತು, ಅಂಚು ಕಪ್ಪಾಗುತ್ತಿತ್ತು. ಪೇಟೆಗೆ ಪರೀಕ್ಷೆಗೆ ಕಳಿಸಿದ್ದರ ಉತ್ತರ ಬಂದ ದಿನ ಅವರು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತರು.

“ಅಂಬುಜಮ್ಮ, ನಿಮ್ಮ ಕಾಲಲ್ಲಿರೋ ಕ್ರಿಮಿಗಳು ನನ್ನ ಹತ್ರ ಇರೋ ಔಷಧಿಗಳ್ನೆಲ್ಲ ಮೊದಲೇ ನೋಡಿಬಿಟ್ಟಿವೆ. ಯಾವುದಕ್ಕೂ ಬಗ್ತಾ ಇಲ್ಲ. ನೆಂಟನ್ನ ಕರೆಸಿ. ಅದೂ ಆಗ್ಲಿಲ್ಲ ಅಂದ್ರೆ ಪಾದ ಉಳಿಸೋ ಹಟ ಮಾಡೋಕಾಗಲ್ಲ, ಜೀವ ನೋಡ್ಬೇಕು.”

ಡಾಕ್ಟರೇ ಹೀಗೆಂದರೆ ಏನರ್ಥ ಎಂದು ಕೇಳಿದೆ. ತಾನೂ ಮೊದಲ ವರ್ಷ ನಕ್ಕವಳೇ ಎಂದರು. ಮೊಟ್ಟೆಯ ಬಿಳಿಯಲ್ಲಿ, ನಮ್ಮ ಕಣ್ಣೀರಿನಲ್ಲಿ ಒಂದು ಕಿಣ್ವ ಇರುತ್ತದಂತೆ. ಅದು ಕ್ರಿಮಿಗೆ ವಿಷ ಹಾಕುವುದಿಲ್ಲ, ಅದರ ಮನೆಯ ಗೋಡೆಯನ್ನೇ ಕೆಡವುತ್ತದಂತೆ. ಗುಳಿಗೆಯ ವಿಷವನ್ನು ಅರಗಿಸಿಕೊಳ್ಳುವುದನ್ನು ಕ್ರಿಮಿ ಕಲಿತುಬಿಡುತ್ತದೆ, ಗೋಡೆ ಬೀಳುವುದಕ್ಕೆ ಅಷ್ಟು ಸುಲಭವಾಗಿ ಏನೂ ಕಲಿಯಲಾರದು. ಈ ಬಟ್ಟೆಯಲ್ಲಿ ಅಂಥದ್ದೇ ಏನೋ ಇರಬೇಕು ಎಂದರು. ಉಳಿದದ್ದು ತನಗೂ ಗೊತ್ತಿಲ್ಲ ಎಂದು ಕೈ ತೊಳೆಯಲು ಎದ್ದರು.

ನನಗೆ ಗೋಡೆ, ಕಿಣ್ವ ಯಾವುದೂ ತಲೆಗೆ ಹೋಗಲಿಲ್ಲ. ಪಾದ ಎಂಬ ಒಂದು ಮಾತು ಮಾತ್ರ ಕಿವಿಯಲ್ಲಿ ಉಳಿಯಿತು. ನನ್ನ ಯಂತ್ರ ತುಳಿಯುವ ಯಂತ್ರ. ಎರಡು ಪಾದ ಒಂದರ ಹಿಂದೊಂದು ಆಡಿದರೆ ನನ್ನ ಅನ್ನ, ನನ್ನ ಮಾನ. ಮೋಟಾರು ಹಾಕಿಸಿಕೊಳ್ಳಬಹುದಲ್ಲ ಎನ್ನುವವರು ಈ ಊರಿನ ಕರೆಂಟನ್ನು ನೋಡಿಲ್ಲ.

ಕಬ್ಬಿನ ಕಾಲ, ಕತ್ತಿಯ ಕಾಲ. ಊರಿನ ನೆಂಟರೆಲ್ಲ ಯಾರದೋ ಕೈಗೆ, ಯಾರದೋ ಮೊಣಕಾಲಿಗೆ ಹೋಗಿ ಕೂತಿದ್ದರು. ತಿಮ್ಮಾಜಮ್ಮನ ಮನೆಯದು ನನಗೆ ಬಾರದು, ಅವರ ಮನೆಯಲ್ಲಿ ಉಂಡವಳು ನಾನು. ಇಡೀ ಕೇರಿಯಲ್ಲಿ ಮನೆಯಲ್ಲಿದ್ದ ನೆಂಟ ಒಬ್ಬನೇ, ದೊಡ್ಡತಾಯಮ್ಮನ ಮನೆಯವನು. ಊರಿನಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ ಎಂಬ ಹೆಸರೂ ಅದಕ್ಕಿತ್ತು. ತಿಮ್ಮಾಜಮ್ಮ ಹೊಸ್ತಿಲಲ್ಲಿ ತುಂಬ ಹೊತ್ತು ನಿಂತರು. ನಾನು ಬೇಡ ಎಂದೆ, ಬೇರೆ ಮನೆಯದು ಬರುವವರೆಗೆ ಕಾಯೋಣ ಎಂದೆ. ಅವರು ನನ್ನ ಕಾಲನ್ನೊಮ್ಮೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇವಿನ ಮರದ ಹತ್ತಿರ ಹೋಗಿ ಅದಕ್ಕೆ ಹೇಳಿದರು, ಯಾರ ಮನೆಯಲ್ಲಾದರೂ ನೆಂಟನಿದ್ದರೆ ನಾಲ್ಕು ದಿನ ಕಳಿಸಲಿ ಎಂದು. ನಲ್ಲಿ ಏನೂ ಹೇಳಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಮುಚ್ಚಳ ಹಾಕಿದ ಹಿತ್ತಾಳೆಯ ಚೊಂಬೊಂದು ನಮ್ಮ ಜಗಲಿಯ ಮೇಲಿತ್ತು.

ಅಂದಿನಿಂದ ನನ್ನ ಪಾದಕ್ಕೆ ಅರಮನೆಯ ಉಪಚಾರ. ಬೇರೆ ಮನೆಯ ನೆಂಟ ಬಂದಾಗ ಒಂದು ಚಮಚ ಹಾಲು ಹನಿಸಿ ಬರಮಾಡಿಕೊಳ್ಳುವುದು ಈ ಊರಿನ ಪದ್ಧತಿ, ಅಷ್ಟೇ. ತಿಮ್ಮಾಜಮ್ಮ ಅಷ್ಟಕ್ಕೆ ಬಿಡುವವರೇ? ಬಂದದ್ದು ಯಾರ ಮನೆಯಿಂದ? ಬೆಳಿಗ್ಗೆ ಕೆನೆ, ಮಧ್ಯಾಹ್ನ ಮೊಟ್ಟೆಯ ಬಿಳಿ, ಸಂಜೆ ಕಿವುಚಿದ ಬಾಳೆಹಣ್ಣು. ಬಟ್ಟೆಯ ಒಂದು ಮೂಲೆ ಎತ್ತಿ, ಮಗುವಿಗೆ ಉಣಿಸುವ ಹಾಗೆ ಬೆಳ್ಳಿಯ ಒಳಲೆಯಲ್ಲಿ ತುಂಬುತ್ತಿದ್ದರು. ಅವಳ ಮನೆ ನೆಂಟ ನಮ್ಮನೆಯಿಂದ ಬಡಕಲಾಗಿ ಹೋದರೆ, ಮತ್ತೆ ಪಂಕ್ತಿಗೆ ಪಂಕ್ತಿಯೇ ನಗುತ್ತದೆ ಎಂಬುದು ಅವರ ಭಯ. ನಾನು ಬಂದವಳು. ಇದೂ ಪದ್ಧತಿಯ ಒಂದು ಭಾಗ ಇರಬೇಕು ಎಂದುಕೊಂಡು ಕಾಲು ಚಾಚಿ ಕೂತಿರುತ್ತಿದ್ದೆ. ನೋಡಿ ಹೇಳಲು ಮೂರನೆಯವರು ಮನೆಯಲ್ಲಿರಲಿಲ್ಲ. ಬಟ್ಟೆ ದಿನೇದಿನೇ ಮೈತುಂಬಿಕೊಂಡು ಬೆಳ್ಳಗೆ ಹೊಳೆಯತೊಡಗಿತು. ತಿಮ್ಮಾಜಮ್ಮ ಅದನ್ನು ನೋಡಿ ಬೇವಿನ ಮರಕ್ಕೆ ಕೇಳಿಸುವಂತೆ, ನಮ್ಮನೆಗೆ ಬಂದವರು ಹೇಗೆ ದುಂಡಗಾಗ್ತಾರೆ ನೋಡು ಎನ್ನುತ್ತಿದ್ದರು.

ದುಂಡಗಾದದ್ದು ಬಟ್ಟೆ. ಗಾಯ ಹಾಗೇ ಇತ್ತು. ಡಾಕ್ಟರ್ ನಫೀಸಾ ದಿನ ಬಿಟ್ಟು ದಿನ ಬಂದು ಬಿಚ್ಚಿ ನೋಡುತ್ತಿದ್ದರು, ಹುಬ್ಬು ಗಂಟು ಹಾಕಿಕೊಂಡು ಹೋಗುತ್ತಿದ್ದರು. ದೊಡ್ಡತಾಯಮ್ಮನ ನೆಂಟ ಹೀಗೆ ಸುಮ್ಮನೆ ಕೂತದ್ದನ್ನು ಅವರು ನೋಡಿಯೇ ಇರಲಿಲ್ಲ. ನನ್ನ ಗಾಯವೇ ಅಂಥದ್ದು ಎಂದು ಮೂವರೂ ನಂಬಿದೆವು. ಕಿರುಬೆರಳು ಕಪ್ಪಾದ ದಿನ ಅವರು ಇನ್ನು ಕಾಯುವುದು ಬೇಡ ಎಂದರು. ಮರುದಿನ ಸೂರ್ಯಗ್ರಹಣ, ಆಂಬುಲೆನ್ಸಿನ ಡ್ರೈವರ್ ಗ್ರಹಣದ ದಿನ ಗಾಡಿ ತೆಗೆಯಲೊಲ್ಲ. ಅದು ಕಳೆದ ಬೆಳಿಗ್ಗೆ ಗಾಡಿ ಬರುತ್ತದೆ, ಪೇಟೆಯ ಆಸ್ಪತ್ರೆಯಲ್ಲಿ ಎಲ್ಲ ಹೇಳಿಟ್ಟಿದ್ದೇನೆ ಎಂದರು. ಅವರು ಹೋದ ಮೇಲೆ ನಾನು ಯಂತ್ರದ ಮೇಲೆ ಬಟ್ಟೆ ಹೊದಿಸಿದೆ. ಒಪ್ಪಿಕೊಂಡ ರವಿಕೆಗಳನ್ನೆಲ್ಲ ಕತ್ತರಿಸದೆ ಹಾಗೇ ಗಂಟು ಕಟ್ಟಿ, ಯಾರದು ಯಾರಿಗೆ ವಾಪಸು ಕೊಡಬೇಕು ಎಂದು ತಿಮ್ಮಾಜಮ್ಮನಿಗೆ ಹೇಳಿದೆ. ಅವರು ಅಡುಗೆಮನೆಗೆ ಹೋಗಿ ನೆಂಟನಿಗೆ ಕೆನೆ ತಂದರು.

ಗ್ರಹಣದ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನನಗೆ ಮಾತ್ರ, ಕಾಯಿಲೆಯವಳಿಗೆ ದೋಷವಿಲ್ಲ ಎಂದು, ಹಿಂದಿನ ರಾತ್ರಿ ಬೇಯಿಸಿಟ್ಟಿದ್ದ ಎರಡು ಇಡ್ಲಿಯನ್ನು ಗ್ರಹಣ ಹಿಡಿಯುವ ಮೊದಲೇ ತಿನ್ನಿಸಿದ್ದರು. ತಾವು ಬೆಳಗಿನಿಂದ ಬಾಯಿಗೆ ನೀರು ಬಿಟ್ಟುಕೊಳ್ಳಲಿಲ್ಲ. ಹಾಲಿನ ಪಾತ್ರೆಗೆ, ಉಪ್ಪಿನಕಾಯಿಯ ಜಾಡಿಗೆ, ನೀರಿನ ಹಂಡೆಗೆ ಒಂದೊಂದು ದರ್ಭೆ ಹಾಕಿದವರು, ಕೊನೆಯದೊಂದನ್ನು ನನ್ನ ಪಾದದ ಕಟ್ಟಿನ ಮೇಲೂ ಇಟ್ಟರು. ಬಿಡುವವರೆಗೆ ಅವನೂ ಏನೂ ತಿನ್ನಬಾರದು ಎಂದರು. ಹಗಲು ಮಬ್ಬಾಯಿತು, ಬೀದಿಯಲ್ಲಿ ನಾಯಿ ಕೂಡ ಇರಲಿಲ್ಲ. ಇಬ್ಬರೂ ಎದುರುಬದುರು ಕೂತೆವು.

ಮಧ್ಯಾಹ್ನ ಕಳೆದು ಬಿಸಿಲು ಮತ್ತೆ ಹಳದಿಯಾಯಿತು. ತಿಮ್ಮಾಜಮ್ಮ ಸ್ನಾನ ಮಾಡಿ, ಒಲೆ ಹಚ್ಚಿ, ತಾವು ಉಣ್ಣುವ ಮೊದಲು ಕೆನೆ ತುಂಬಿದ ಒಳಲೆ ಹಿಡಿದು ಬಂದರು. ಅಷ್ಟರಲ್ಲಿ ನನಗೆ ಏನೋ ಆಯಿತು. ಎಷ್ಟೋ ವರ್ಷದಿಂದ ಬಿಸಿನೀರೂ ತಿಳಿಯದ ಪಾದ ಅದು.

“ಅಮ್ಮಾ, ಕಾಲು ಕಡೀತಿದೆ,” ಎಂದೆ.

ಅವರು ಬಗ್ಗಿ ಬಟ್ಟೆಯ ಮೂಲೆ ಎತ್ತಲು ಹೋದರು. ಅದು ಬರಲಿಲ್ಲ. ಗಾಯಕ್ಕೆ ಮೈಯೊತ್ತಿ ಹಿಡಿದುಕೊಂಡಿತ್ತು, ನೆರಿಗೆ ಎಳೆದಂತೆ ಸುಕ್ಕಾಗಿತ್ತು. ಒಂದಿಷ್ಟು ನೀರು ಚಿಮುಕಿಸಿ ಮೆಲ್ಲಗೆ ಬಿಡಿಸಿದರು. ಅಂಗಾಲಿನ ಕಪ್ಪು ಅಂಚು ಒಂದು ಉಗುರಿನಗಲ ಹಿಂದೆ ಸರಿದಿತ್ತು, ಅಲ್ಲಿ ಎಳೆಗೆಂಪು ಕಾಣುತ್ತಿತ್ತು. ಇಬ್ಬರೂ ಬಾಯಿ ಬಿಟ್ಟು ನೋಡಿದೆವು. ಆಮೇಲೆ ಅವರ ದೃಷ್ಟಿ ತಮ್ಮದೇ ಕೈಯಲ್ಲಿದ್ದ ಒಳಲೆಯ ಮೇಲೆ ಬಿತ್ತು. ಅಲ್ಲೇ ನೆಲದ ಮೇಲೆ ಕುಸಿದು ಕೂತರು.

“ನನ್ನ ಕೈಯೇ ಕಣವ್ವ,” ಎಂದರು. “ದಿನಾ ಅವನ ಹೊಟ್ಟೆ ತುಂಬ್ಸಿ ಮಲಗ್ಸಿದ್ದು ನಾನೇ. ಉಂಡೋನು ಯಾಕೆ ಕೆಲ್ಸ ಮಾಡ್ತಾನೆ? ನಿನ್ನ ಕಾಲನ್ನ ನಾನೇ ತಿಂದ್ಬಿಡ್ತಿದ್ದೆ.”

ನನಗೆ ಸಿಟ್ಟು ಬರಬೇಕಿತ್ತೋ ಏನೋ. ಬರಲಿಲ್ಲ. ನನ್ನ ಜನ್ಮದಲ್ಲಿ ನನ್ನ ಪಾದವನ್ನು ಅಷ್ಟು ಸಲ ಮಡಿಲಲ್ಲಿ ಇಟ್ಟುಕೊಂಡವರು ಇನ್ನೊಬ್ಬರಿಲ್ಲ. ಒಳಲೆಯನ್ನು ಅವರ ಕೈಯಿಂದ ತೆಗೆದು ಕೆನೆಯನ್ನು ನಾನೇ ಕುಡಿದುಬಿಟ್ಟೆ. ಅವರು ಅಳುತ್ತಲೇ ನಕ್ಕರು.

ಬೆಳಿಗ್ಗೆ ಆಂಬುಲೆನ್ಸ್ ಬಂತು, ಜೊತೆಗೆ ಡಾಕ್ಟರ್ ನಫೀಸಾ. ತಿಮ್ಮಾಜಮ್ಮ ಏನೂ ಮುಚ್ಚಿಡದೆ ಕೆನೆ, ಮೊಟ್ಟೆ, ಬಾಳೆಹಣ್ಣು ಎಲ್ಲ ಹೇಳಿದರು. ಡಾಕ್ಟರ್ ಬಯ್ಯಲಿಲ್ಲ. ದಿನ ಬಿಟ್ಟು ದಿನ ಬಂದು ನೋಡಿದ ತನಗೂ ಬಟ್ಟೆ ಯಾಕೆ ಇಷ್ಟು ಬೆಳ್ಳಗಿದೆ ಎಂದು ಕೇಳಬೇಕೆನಿಸಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡರು. ಜ್ವರ ನೋಡಿದರು, ಗಾಯವನ್ನು ಒತ್ತಿ ಒತ್ತಿ ನೋಡಿದರು, ಗಾಡಿಯನ್ನು ಖಾಲಿ ಕಳಿಸಿದರು. ಇನ್ನು ನಾಲ್ಕು ದಿನ ಅವನಿಗೆ ಹನಿ ನೀರು ಬಿಟ್ಟು ಏನೂ ಕೊಡಕೂಡದು, ಕಪ್ಪು ಮತ್ತೆ ಮುಂದೆ ಬಂದರೆ ಮಾತ್ರ ತಾನು ಯಾರ ಮಾತೂ ಕೇಳುವುದಿಲ್ಲ ಎಂದರು.

ಹೇಳಲು ಸುಲಭ. ಹಸಿದ ನೆಂಟ ಸುಮ್ಮನಿರುವವನಲ್ಲ ಎಂದು ಆಗ ಗೊತ್ತಾಯಿತು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬಂದರೆ ಸಾಕು, ಬಟ್ಟೆಯ ಅಂಚು ಮೇಲೆದ್ದು ಆ ಕಡೆ ತಿರುಗುತ್ತಿತ್ತು. ತಿಮ್ಮಾಜಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಒಗ್ಗರಣೆ ನಿಲ್ಲಿಸಿದರು. ನನಗೆ ಇಂಜೆಕ್ಷನ್ ಇದ್ದುದರಿಂದ ಹೊತ್ತಿಗೆ ಸರಿಯಾಗಿ ಬೇಯಿಸಿದ ಸಪ್ಪೆ ಊಟ ಕೊಡುತ್ತಿದ್ದರು, ತಾವು ಮಾತ್ರ ಎಲೆ ಹಾಕಲಿಲ್ಲ. ಮಜ್ಜಿಗೆ ನೀರು, ಅದೂ ನಾನು ಬೇಡಿಕೊಂಡರೆ. ಮನೆಗೆ ಬಂದವನು ಹಸಿದು ಕೂತಿರುವಾಗ ನನ್ನ ಗಂಟಲಲ್ಲಿ ಅನ್ನ ಹೇಗೆ ಇಳಿಯುತ್ತೆ ಎಂದರು. ಡಾಕ್ಟರ್ ಗದರಿದರೂ ಜಗ್ಗಲಿಲ್ಲ. ನನ್ನ ಕಾಲು ಕೆಂಪಾಗುತ್ತ ಬಂತು, ಅವರ ಮುಖ ಬಾಡುತ್ತ ಬಂತು. ನನಗೆ ಸಂತೋಷಪಡಲೂ ಹೆದರಿಕೆ. ಪಾದ ಉಳಿಯಿತು, ತಿಮ್ಮಾಜಮ್ಮ ಹೋದರು ಎಂದಾದರೆ ಆ ಪಾದ ಇಟ್ಟುಕೊಂಡು ನಾನು ಎಲ್ಲಿಗೆ ನಡೆಯಲಿ?

ಎದುರುಮನೆಯ ದೊಡ್ಡತಾಯಮ್ಮ ಬಂದದ್ದು ಆಗ. ಮಧ್ಯಾಹ್ನದ ಹೊತ್ತು, ಮುಚ್ಚಿದ ಪಾತ್ರೆಯೊಂದನ್ನು ಸೆರಗಿನಲ್ಲಿ ಹಿಡಿದು ಬಂದು ಹೊಸ್ತಿಲ ಆಚೆ ನಿಂತಳು. ಸೀದಾ ತಿಮ್ಮಾಜಮ್ಮನ ಮುಖ ನೋಡಿ ಮಾತಾಡಿದಳು.

“ತಿಮ್ಮಾಜಕ್ಕ, ನಾಲ್ಕು ದಿನದಿಂದ ನಿಮ್ಮನೆ ಒಗ್ಗರಣೆ ವಾಸ್ನೆ ಬಂದಿಲ್ಲ. ನನಗೂ ಅನ್ನ ಸೇರ್ತಿಲ್ಲ. ಏನಾಗಿದೆ ಹೇಳು.”

ತಿಮ್ಮಾಜಮ್ಮ ಗೋಡೆ ಹಿಡಿದು ಎದ್ದು ನಿಂತರು. ಇಷ್ಟು ವರ್ಷ ಹೆದರಿದ್ದು ಈ ಗಳಿಗೆಗೇ. “ನಿನ್ನ ನೆಂಟನ್ನ ಉಪವಾಸ ಕೆಡವಿದ್ದೀನಿ ದೊಡ್ಡತಾಯಿ. ನೋಡು, ಹೆಂಗೆ ಬಡಕಲಾಗವ್ನೆ. ಹೋಗು, ಊರಿಗೆಲ್ಲ ಸಾರು.”

ಸಾರು ಎಂಬ ಮಾತು ಬಾಯಿಂದ ಬಿದ್ದ ಮೇಲೆ ಇಬ್ಬರಿಗೂ ಅದು ಕೇಳಿಸಿತು. ದೊಡ್ಡತಾಯಮ್ಮ ತಲೆ ತಗ್ಗಿಸಿದಳು. ಆಮೇಲೆ ಒಳಗೆ ಬಂದು, ಪಾತ್ರೆ ಕೆಳಗಿಟ್ಟು, ನನ್ನ ಕಾಲ ಹತ್ತಿರ ಕೂತು ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಅವಳು ಹೇಳಿದ್ದು ಇಷ್ಟು. ಅವಳ ಮನೆಯಲ್ಲಿ ಆ ನೆಂಟನಿಗೆ ಹಾಲಿನ ತಿಳಿಯೂ ಇಲ್ಲ, ಗಂಜಿಯ ತಿಳಿಯೂ ಇಲ್ಲ. ಅಕ್ಕಿ ತೊಳೆದ ನೀರು, ಅದೂ ಎರಡನೆಯ ಸಲ ತೊಳೆದದ್ದು. ಅವಳ ಅತ್ತೆ ಹಾಗೆ ಕಲಿಸಿಕೊಟ್ಟಿದ್ದಳು. ಅರೆಹೊಟ್ಟೆಯಲ್ಲಿ ಇಟ್ಟದ್ದಕ್ಕೇ ಅದಕ್ಕೆ ಊರಿನಲ್ಲಿ ಅಷ್ಟು ಹೆಸರು. ಆದರೆ ನೆಂಟನಿಗೆ ನೀರು ಹಾಕಿ ಸಾಕುತ್ತಾಳೆ ಎಂದು ಯಾರಾದರೂ ಆಡಿಕೊಂಡಾರು ಎಂಬ ನಾಚಿಕೆಗೆ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಚೊಂಬು ತಂದಿಟ್ಟ ದಿನ ಹೇಳೋಣ ಎಂದು ನಲ್ಲಿಯ ತನಕ ಬಂದು, ಬಾಯಿ ಬರದೆ ಹಿಂದಿರುಗಿದ್ದಳು.

“ಅಂದ್ರೆ ನಿಮ್ಮನೇಲಿ ಅವನಿಗೆ ನೀರು ಸಾರು,” ಎಂದರು ತಿಮ್ಮಾಜಮ್ಮ.

“ಹೂಂ ಅಕ್ಕ. ನೀರು ಸಾರೇ.”

ತಿಮ್ಮಾಜಮ್ಮನಿಗೆ ನಗು ಮೊದಲು ಹೊಟ್ಟೆಯಲ್ಲಿ ಶುರುವಾಯಿತು, ಬಾಯಿಗೆ ಬರುವಷ್ಟು ಶಕ್ತಿ ಅದಕ್ಕಿರಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿ ಅಲುಗಾಡಿದರು. ದೊಡ್ಡತಾಯಮ್ಮ ಪಾತ್ರೆಯ ಮುಚ್ಚಳ ತೆಗೆದಳು. ಗಟ್ಟಿ ಬೇಳೆಸಾರು, ಮೇಲೆ ಇಂಗು ಕರಿಬೇವಿನ ಒಗ್ಗರಣೆ. ನನ್ನ ಕಾಲಿನ ಬಟ್ಟೆ ಆ ಕಡೆ ಅಂಚೆತ್ತಿತು. ತಿಮ್ಮಾಜಮ್ಮ ಅದನ್ನು ನೋಡಿ ಮುಖ ಆಚೆ ತಿರುಗಿಸಿದರು. ಅವನು ಉಣ್ಣುವವರೆಗೆ ನಾನೂ ಉಣ್ಣೋದಿಲ್ಲ ಎಂದರು.

“ಅವನು ಉಪವಾಸ ಇದ್ದಾನೆ ಅಂತ ಯಾರು ಹೇಳಿದ್ದು?” ಎಂದಳು ದೊಡ್ಡತಾಯಮ್ಮ. ಬಟ್ಟೆಯ ಅಂಚನ್ನು ಮೆಲ್ಲಗೆ ಬಿಡಿಸಿ ಕೆಳಗಿನ ಕೆಂಪನ್ನು ತೋರಿಸಿದಳು. “ಅಲ್ನೋಡಕ್ಕ. ಅಂಬುಜನ ಕಾಲಲ್ಲಿ ಎಲೆ ಹಾಕ್ಕೊಂಡು ಕೂತವ್ನೆ. ನಿಮ್ಮನೇಲಿ ಅವನು ಉಣ್ತಿರೋದು ಇದೇ. ಮೊದಲ್ನೇ ಪಂಕ್ತೀಲೇ ಕೂರ್ಸಿದ್ದೀಯ ನೀನು. ಇನ್ನು ನೀನು ಕೂತ್ಕೋ.”

ತಿಮ್ಮಾಜಮ್ಮ ನನ್ನ ಪಾದವನ್ನು ನೋಡಿದರು, ತುಂಬ ಹೊತ್ತು ನೋಡಿದರು. ಅವರ ಮುಖದಲ್ಲಿ ಏನೋ ಸಡಿಲವಾಯಿತು. ಕೈ ತೊಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಎದುರುಮನೆಯ ಸಾರಿನಲ್ಲಿ ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ಹೇಗಿದೆ ಎಂದು ದೊಡ್ಡತಾಯಮ್ಮ ಕೇಳಿದಳು. ದೀಪ ಬೇಕಾಗಿಲ್ಲ ಎಂದರು ತಿಮ್ಮಾಜಮ್ಮ.

ಕಪ್ಪು ಮುಂದೆ ಬರಲಿಲ್ಲ. ಕಿರುಬೆರಳಿನ ತುದಿಯನ್ನು ನೆಂಟ ತಿಂದುಹಾಕಿದ, ಅಷ್ಟನ್ನು ನಾನು ಸಂತೋಷದಿಂದ ಬಿಟ್ಟುಕೊಟ್ಟೆ. ಉಳಿದದ್ದೆಲ್ಲ ನನ್ನದಾಗಿ ಉಳಿಯಿತು. ಡಾಕ್ಟರ್ ನಫೀಸಾ ಒಂದು ದಿನ ಬಂದು ಪಾದವನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿ, ಸುಮ್ಮನೆ ತಮ್ಮ ಹಣೆಯನ್ನು ನನ್ನ ಮೊಣಕಾಲಿಗೆ ಒರಗಿಸಿದರು. ಆಮೇಲೆ ತಮಗೊಂದು ರವಿಕೆ ಹೊಲಿದುಕೊಡಬೇಕು, ಅಳತೆ ತೆಗೆದುಕೊಳ್ಳಿ ಎಂದರು. ಅಳತೆ ಬೇಕಾಗಿಲ್ಲ, ಎಲ್ಲ ಗೊತ್ತಿದೆ ಎಂದೆ.

ನೆಂಟನನ್ನು ವಾಪಸು ಕೊಡುವ ದಿನ ಚೊಂಬು ಹಿಡಿದು ನಾನೇ ಹೊರಟೆ. ಕಾಲಿಗೆ ಹೊಸ ಚಪ್ಪಲಿ, ಪಕ್ಕದಲ್ಲಿ ಯಾರ ಹೆಗಲೂ ಇಲ್ಲ. ಬೇವಿನ ಮರ ದಾಟಿದೆ, ಬೀದಿ ದಾಟಿದೆ, ನಲ್ಲಿ ದಾಟಿದೆ. ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಅಷ್ಟು ಚಿಕ್ಕ ಬೀದಿಯನ್ನು ಅಷ್ಟು ಆಸೆಯಿಂದ ನಾನು ದಾಟಿರಲಿಲ್ಲ. ದೊಡ್ಡತಾಯಮ್ಮ ಬಾಗಿಲಿಗೆ ಬಂದು, ಈ ಊರಿನಲ್ಲಿ ಕೇಳುವ ಹಾಗೆ ಕೇಳಿದಳು.

“ನೆಂಟ ಉಂಡನಾ?”

ಉಂಡ, ನಾವು ಉಳಿದೆವು, ಎಂದು ಹೇಳಬೇಕು. ಅದು ಪದ್ಧತಿ. ಬಾಯಿ ತೆರೆದಾಗ ನೆನಪಾಯಿತು, ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ಎಲ್ಲ ಊರಿನ ಪದ್ಧತಿ, ನನ್ನ ಊರಿನದೂ. ಒಂದು ಚೂರು ಬೆಲ್ಲವಾದರೂ ಜೊತೆಗಿರಬೇಕಿತ್ತು. ನಡೆಯುವ ಖುಷಿಯಲ್ಲಿ ನಾನು ಮರೆತೇಬಿಟ್ಟಿದ್ದೆ. ಒದ್ದೆ ಬಟ್ಟೆಯ ಹೊರತು ಚೊಂಬಿನಲ್ಲಿ ಏನೂ ಇರಲಿಲ್ಲ. ಈ ಬಾಗಿಲಿಗೆ, ಬೆನ್ನ ಹಿಂದಿನ ತಿಮ್ಮಾಜಮ್ಮನ ಬಾಗಿಲಿಗೆ, ಯಾರ ಋಣವನ್ನು ಯಾವ ಬೆಲ್ಲದಲ್ಲಿ ತೀರಿಸುವುದು ಎನಿಸಿ, ಹೇಳಬೇಕಾದ್ದು ಒಂದೂ ಹೊರಗೆ ಬರದೆ, ಕಣ್ಣು ತುಂಬಿ ಹರಿಯಿತು.

ದೊಡ್ಡತಾಯಮ್ಮ ಮುಚ್ಚಳ ತೆಗೆದು ಚೊಂಬನ್ನು ನನ್ನ ಗಲ್ಲದ ಕೆಳಗೆ ಹಿಡಿದಳು. ಕಣ್ಣೀರು ಅವನಿಗೆ ಒಳ್ಳೆಯದು ಎಂದು ಡಾಕ್ಟ್ರಮ್ಮ ಹೇಳುತ್ತಿರುತ್ತಾರೆ, ಇದರೊಳಗೇ ಬೀಳಲಿ, ಚೊಂಬು ಬರಿದು ಬಂತು ಎಂದೂ ಆಗುವುದಿಲ್ಲ ಎಂದಳು. ನಾನು ಅತ್ತೆ, ಅವಳು ಹಿಡಿದಳು. ಸ್ವಲ್ಪ ಹೊತ್ತು ನೋಡಿ, “ಸಾಕು ಸಾಕು, ತೀರಾ ನೀರಾಗ್ಬಿಡುತ್ತೆ,” ಎಂದಳು.

ಬೀದಿಯ ಆಚೆ ಅಂಚಿನಿಂದ ತಿಮ್ಮಾಜಮ್ಮನ ದನಿ ಬಂತು. ಬೇವಿನ ಮರ ಅವರ ಬೆನ್ನ ಹಿಂದಿತ್ತು.

“ನೀರಾದ್ರೇನಂತೆ ದೊಡ್ಡತಾಯಿ? ನೀರೇ ಒಳ್ಳೇದು ಅಂತ ನೀನೇ ಹೇಳಿಲ್ವಾ?”

ಆಮೇಲೆ ಅವರು ನಮ್ಮಿಬ್ಬರನ್ನೂ ಊಟಕ್ಕೆ ಕರೆದರು, ನಾವು ಮೂವರೂ ಒಂದೇ ಸಾಲಿನಲ್ಲಿ ಕೂತು ಉಂಡೆವು.